ಕಡತದೊಳಗಿನ ಎರಡು ಚೀಟಿ

ನಿಪ್ಪಾಣಿಯ ಭಾಂಡೆ-ಪಾತ್ರೆಗಳ ಅಂಗಡಿಯೊಂದರ ಮೇಲಿನ ಆ ಕೋಣೆಗೆ ಈಗ ಬೀಗ ಬಿದ್ದಿದೆ. ಬಾಗಿಲ ಪಕ್ಕದಲ್ಲಿ ಅಂಗೈ ಅಗಲದ ಒಂದು ಹಲಗೆ ಇತ್ತು. 'ವೆಬ್‌ಸೈಟ್ ತಪಾಸಣೆ' ಎಂದಷ್ಟೇ ಅದರ ಮೇಲೆ ಬರೆದಿತ್ತು, ಹೆಸರಿರಲಿಲ್ಲ. ಕಳೆದ ತಿಂಗಳು ಆ ಹಲಗೆಯನ್ನೂ ಬಿಚ್ಚಿದ್ದಾರೆಂಬ ಸುದ್ದಿ ಬಂದಾಗ ಅಲ್ಲಿ ಕೂರುತ್ತಿದ್ದ ಹೆಣ್ಣುಮಗಳಿಗೆ ಏನಾಯಿತೋ ಎಂಬ ಗಾಬರಿಯಿಂದ ನಾನು ಅಂಗಡಿಗೆ ಫೋನು ಮಾಡಿದೆ. ಮಾಲೀಕರು, "ಬಾಯಾರು ಆರಾಮ ಅದಾರ್ರಿ. ಕಣ್ಣಿನ ಆಪರೇಷನ್ ಚಲೋ ಆತು. ಇನ್ನ ಮ್ಯಾಲ ಕಂಪ್ಯೂಟರ್ ನೋಡಂಗಿಲ್ಲ ಅಂತ ಅಕ್ಕೋಳ ಊರಿಗೆ, ತಂಗಿ ಮನಿಗೆ ಹೋಗ್ಯಾರ" ಎಂದರು. ಫೋನು ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ. ನನ್ನ ವಯಸ್ಸಿನಲ್ಲಿ ಇಂಥ ಫೋನುಗಳು ಹೀಗೆ ಮುಗಿಯುವುದು ಅಪರೂಪ.

ಬದುಕಿರುವವರನ್ನು ಕುರಿತು ಬರೆಯುವುದರಲ್ಲಿ ಒಂದು ಅಪಾಯವಿದೆ. ಅವರು ಓದಿ ತಪ್ಪು ಹುಡುಕಬಲ್ಲರು. ಈಕೆಯಂತೂ ಹುಡುಕದೆ ಬಿಡುವವರಲ್ಲ. ತಪ್ಪು ಹುಡುಕುವುದೇ ಅವರ ಉದ್ಯೋಗವಾಗಿತ್ತು.

ನಾನು ಚಿಕ್ಕೋಡಿಯಲ್ಲಿ ಮುಖ್ಯಾಧ್ಯಾಪಕನಾಗಿದ್ದು ನಿವೃತ್ತನಾದವನು. ನನಗಾದ ಅಗೌರವವನ್ನು ನಾನು ಮರೆಯುವವನಲ್ಲ. ಬರೆದಿಡುತ್ತೇನೆ, ತಾರೀಖು ಹಾಕುತ್ತೇನೆ. ಈಕೆಯ ಬಗೆಗೆ ನನ್ನ ವಹಿಯಲ್ಲಿರುವ ಮೊದಲ ನಮೂದು ಕೂಡ ದೂರೇ. ಮೊದಲ ಭೇಟಿಯ ದಿನ ಅವರು ನನ್ನನ್ನು ನಲವತ್ತು ನಿಮಿಷ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಅಥಣಿ ಕಡೆಯ ಒಣದ್ರಾಕ್ಷಿ ವ್ಯಾಪಾರಿಯೊಬ್ಬರೊಡನೆ ಫೋನಿನಲ್ಲಿ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತನಾಡುತ್ತ, ನನ್ನತ್ತ ಅಂಗೈ ಎತ್ತಿ ತಡೆಯಿರಿ ಎಂದು ಸನ್ನೆ ಮಾಡಿದರೇ ಹೊರತು ಎದ್ದು ನಿಲ್ಲಲಿಲ್ಲ. ಚಹಾ ಕೇಳಲಿಲ್ಲ. ಐವತ್ತೈದು ದಾಟಿದ ಹೆಂಗಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಸೆರಗಿಗೆ ಸಿಕ್ಕಿಸಿದ ಪೆನ್ನು. ಎದುರಿಗೆ ಕಂಪ್ಯೂಟರ್ ಇದ್ದರೂ ಬರೆಯುತ್ತಿದ್ದುದು ಗೆರೆ ಹಾಕಿದ ಉದ್ದನೆಯ ವಹಿಯಲ್ಲಿ.

ನಾನು ಅವರಲ್ಲಿಗೆ ಹೋದ ಕಾರಣವನ್ನು ಇಲ್ಲಿ ಹೇಳಬೇಕು.

ನಿವೃತ್ತಿಯ ನಂತರದ ಒಂಬತ್ತು ವರ್ಷ ನಾನು ನಮ್ಮ ಸುತ್ತಿನ ಐದು ತಾಲೂಕುಗಳ ಹಳೆಯ ಬಾವಿಗಳ ಬೆನ್ನು ಹತ್ತಿದ್ದೆ. ನಮ್ಮ ಭಾಗದಲ್ಲಿ ಕಲ್ಲು ಕಟ್ಟಿದ ಪ್ರತಿ ಬಾವಿಗೂ ಒಂದು ಹೆಸರುಂಟು, ಮೆಟ್ಟಿಲ ಬಳಿ ಕಟ್ಟಿಸಿದವರ ಹೆಸರು ಕೆತ್ತಿದ ಒಂದು ಕಲ್ಲುಂಟು. ಆದರೆ ಕಟ್ಟಿದವನ ಹೆಸರು ಎಲ್ಲಿಯೂ ಇಲ್ಲ. ಕಬ್ಬೂರಿನ ಸಿದ್ದಪ್ಪ ಗೌಂಡಿಯವರನ್ನು ನಾನು ಕಂಡದ್ದು ಈ ಹುಡುಕಾಟದಲ್ಲಿ. ತೊಂಬತ್ತರ ಹತ್ತಿರದ ಮನುಷ್ಯ, ಹೆಸರಿಗೆ ತಕ್ಕಂತೆ ಗಾರೆ-ಕಲ್ಲಿನ ಕೆಲಸದವರು. ರಾಯಬಾಗದಿಂದ ಶೇಡಬಾಳದವರೆಗೆ ಇಪ್ಪತ್ತಕ್ಕೂ ಹೆಚ್ಚು ಬಾವಿಗಳಿಗೆ ಕಲ್ಲು ಕೂರಿಸಿದವರು. ಯಾವ ಬಾವಿಯ ಎಷ್ಟನೆಯ ಮೆಟ್ಟಿಲು ಸಡಿಲವಿದೆ ಎಂಬುದನ್ನು ಜಗಲಿಯ ಮೇಲೆ ಕುಳಿತೇ ಹೇಳುತ್ತಿದ್ದರು. ನಾನು ಅವರಿಗೆ ಮಾತು ಕೊಟ್ಟೆ: "ಅಜ್ಜಾರ, ಇವನ್ನೆಲ್ಲಾ ವೆಬ್‌ಸೈಟಿನಾಗ ಹಾಕ್ತೇನಿ. ಯಾರರ ನಿಮ್ಮ ಹೆಸರು ಬರದು ಹುಡುಕಿದ್ರ ನೀವು ಕಟ್ಟಿದ ಬಾವಿ ಎಲ್ಲಾ ಬರ್ತಾವ."

ಸೈಟು ಸಿದ್ಧವಾಯಿತು. ಚಿಕ್ಕೋಡಿಯ ಸಭಾಭವನದಲ್ಲಿ ಪರದೆ ಎಳೆದು ಉದ್ಘಾಟನೆಯೂ ಆಯಿತು. ಎರಡು ವರ್ಷ ಕಳೆದ ಮೇಲೆ ಕಬ್ಬೂರಿನಲ್ಲಿ, ಗೌಂಡಿಯವರ ಮನೆಯಲ್ಲಿ ಬೀಗರು ಸೇರಿದ್ದ ದಿನ, ಅವರ ಸೊಸೆ ಎಲ್ಲರೆದುರು ಫೋನಿನಲ್ಲಿ ಮಾವನ ಹೆಸರು ಬರೆದು ಹುಡುಕಿದರು. ಸಿಮೆಂಟಿನ ಜಾಹೀರಾತುಗಳು ಬಂದವು. ಊರ ಹೆಸರು ಸೇರಿಸಿದರು. ಬಾಡಿಗೆ ಜೆಸಿಬಿ ಬಂತು. ಬಾವಿ ಬರಲಿಲ್ಲ. ನಾನು ಅಲ್ಲೇ ಕುಳಿತಿದ್ದೆ. ಬೀಗರಲ್ಲಿ ಒಬ್ಬ, "ಮಾಸ್ತರ ಮುದುಕನ್ನ ಚಂದಂಗಿ ಆಡ್ಸ್ಯಾರ ಬಿಡ" ಎಂದ. ಅವನ ಹೆಸರು, ಊರು ನನ್ನ ವಹಿಯಲ್ಲಿವೆ. ಆದರೆ ನನ್ನನ್ನು ಚುಚ್ಚಿದ್ದು ಅವನ ಮಾತಲ್ಲ. ಗೌಂಡಿಯವರು ನನ್ನ ಮುಖ ನೋಡಿ ಮೆಲ್ಲಗೆ, "ಇರ್ಲಿ ಬಿಡ್ರಿ ಮಾಸ್ತರ. ಕಲ್ಲಿನ ಮ್ಯಾಲ ಬರಲಿಲ್ಲ, ಇದರಾಗರ ಯಾಕ ಬರ್ತೈತಿ" ಎಂದರು. ಮಾತು ಮುಗಿಯುವಷ್ಟರಲ್ಲಿ ಅವರಿಗೆ ದಮ್ಮು ಹತ್ತಿತ್ತು. ಆ ಎದೆ ಇನ್ನೆಷ್ಟು ದಿನ ಕಾಯಬಲ್ಲದು ಎಂಬ ಲೆಕ್ಕ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಇದು ಯಾರ ಕೆಲಸವೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಸೈಟು ಕಟ್ಟಿಕೊಟ್ಟ ರಾಯಬಾಗದ ಗೃಹಸ್ಥ ಉದ್ಘಾಟನೆಯ ದಿನ ವಂದನಾರ್ಪಣೆ ಮಾಡುತ್ತ ಮೈಕಿನವನಿಂದ ಹಿಡಿದು ನೀರು ಕೊಟ್ಟವರವರೆಗೆ ಎಲ್ಲರ ಹೆಸರು ಹೇಳಿ ನನ್ನ ಹೆಸರೊಂದನ್ನೇ ಬಿಟ್ಟಿದ್ದ. ಒಂಬತ್ತು ವರ್ಷ ಬಿಸಿಲಿನಲ್ಲಿ ತಿರುಗಿದವನ ಹೆಸರು. ಅಂದೇ ನಾನು ಅವನೊಡನೆ ಮಾತು ಬಿಟ್ಟೆ. ಬೇರೆ ಎಲ್ಲರಲ್ಲಿ ಅವನ ಬಗ್ಗೆ ಮಾತನಾಡಿದೆ, ಅವನೊಡನೆ ಮಾತ್ರ ಇಲ್ಲ.

ಇಷ್ಟನ್ನೂ ನಾನು ಆ ಸ್ಟೂಲಿನ ಮೇಲೆ ಕುಳಿತು ವಿವರವಾಗಿ ಹೇಳಿದೆ. ಆಕೆ ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಸರ್ರ, ಯಾರು ಏನ ಬರದು ಹುಡುಕಿದ್ರ ಏನ ಬರಬೇಕ್ರಿ? ಒಂದ ಹೇಳ್ರಿ."

"ಸಿದ್ದಪ್ಪ ಗೌಂಡಿ, ಕಬ್ಬೂರ. ಅಷ್ಟ ಬರದ್ರ ಅವರ ಬಾವಿ ಬರಬೇಕು."

ಅದನ್ನು ವಹಿಯ ಮೊದಲ ಪುಟದ ನೆತ್ತಿಯಲ್ಲಿ ಬರೆದು ಅಡಿಗೆರೆ ಎಳೆದರು. ಹುಡುಕಿ ನೋಡಿದರು, ಇಲ್ಲ. ಸೈಟಿನ ಪೂರ್ಣ ವಿಳಾಸ ಬರೆದು ನೋಡಿದರು, ತೆರೆಯಿತು. "ಮನಿ ಐತಿ" ಎಂದರು. "ಊರಾಗ ಮನಿ ಐತಿ ಅಂತ ಯಾವ ಯಾದಿಯೊಳಗೂ ಇಲ್ಲ. ಒಂದ ವಾರ ಬಿಟ್ಟು ಬರ್ರಿ."

ಹುಡುಕುವ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನನಗೆ ಅದುವರೆಗೆ ಯಾರೂ ತಿಳಿಯುವಂತೆ ಹೇಳಿರಲಿಲ್ಲ. ನಾನು ಮೂರು ಬಾರಿ ಜನಗಣತಿ ಮಾಡಿದವನೆಂದು ಮಾತಿನ ನಡುವೆ ತಿಳಿದುಕೊಂಡ ಆಕೆ ಅಲ್ಲಿಂದಲೇ ಎತ್ತಿಕೊಂಡರು. "ಅದು ಗಣತಿಗೆ ಬರೋ ಮಾಸ್ತರ ಇದ್ದಂಗ್ರಿ. ಒಂದ ಮನಿಯಿಂದ ಇನ್ನೊಂದ ಮನಿಗೆ ದಾರಿ ಹಿಡಕೊಂಡು ಹೋಗತೈತಿ. ದಾರಿ ಇಲ್ಲದ ಮನಿ ಅದಕ್ಕ ಕಾಣಂಗಿಲ್ಲ. ಬಾಗಲಕ್ಕ ಒಳಗ ಬರಬ್ಯಾಡ್ರಿ ಅಂತ ಬರದಿದ್ರ ಹೊಳ್ಳಿ ಹೋಗತೈತಿ. ಅದಕ್ಕ ಸಿಟ್ಟೂ ಇಲ್ರಿ, ಅಕ್ಕರತಿನೂ ಇಲ್ರಿ. ಓದಿದಷ್ಟ ಮಾಡತೈತಿ." ಕೊನೆಯ ಮಾತನ್ನು ಅವರು ನನ್ನ ಮುಖ ನೋಡದೆ ಹೇಳಿದರು.

ಎರಡನೆಯ ಭೇಟಿಯಲ್ಲಿ ಚಹಾ ಬಂತು, ಸಕ್ಕರೆಯಿಲ್ಲದ ಚಹಾ. ನಾನು ಹುಬ್ಬು ಗಂಟಿಕ್ಕಿದೆ. "ಅವತ್ತ ನಿಮ್ಮ ಜೇಬಿನಾಗ ಸಕ್ಕರಿ ಬ್ಯಾನಿ ಗುಳಿಗಿ ಪಟ್ಟಿ ಕಂಡಿತ್ರಿ" ಎಂದರು. ನಲವತ್ತು ನಿಮಿಷ ನನ್ನತ್ತ ತಿರುಗಿಯೂ ನೋಡದವರು ಅಷ್ಟನ್ನು ನೋಡಿದ್ದರು.

ವಹಿಯಲ್ಲಿ ಮೂವತ್ತೊಂದು ಪುಟ ತುಂಬಿತ್ತು, ಪುಟಕ್ಕೆ ಒಂದು ತಪ್ಪು. ಎಲ್ಲಿದೆ, ಏನಿದೆ, ಅದರಿಂದ ಏನಾಗುತ್ತದೆ, ಹೇಗೆ ಸರಿಪಡಿಸಬೇಕು ಎಂದು ನಾಲ್ಕು ಸಾಲು. ಅವರು ಸಣ್ಣ ತಪ್ಪಿನಿಂದ ಆರಂಭಿಸಿ ಓದತೊಡಗಿದರು. ನಾನು ದೊಡ್ಡದನ್ನು ಮೊದಲು ಹೇಳಿ ಎಂದೆ. "ದೊಡ್ಡದು ಮೊದಲ ಹೇಳಿದ್ರ ಸಣ್ಣದಕ್ಕ ಯಾರೂ ಕಿವಿ ಕೊಡಂಗಿಲ್ರಿ" ಎಂದು ಓದು ಮುಂದುವರಿಸಿದರು. ಬಾವಿಗಳ ಚಿತ್ರಗಳಿಗೆ ಹೆಸರಿಲ್ಲ, ಕ್ಯಾಮೆರಾ ಕೊಟ್ಟ ಅಂಕಿಗಳೇ ಇವೆ. ಕನ್ನಡದ ಪುಟಕ್ಕೂ ಅದರ ಮರಾಠಿ ಪುಟಕ್ಕೂ ಇವೆರಡೂ ಒಂದೇ ಬಾವಿಯವು ಎಂದು ಹೇಳುವ ನಂಟಿಲ್ಲ. ಸೈಟಿನ ಎಲ್ಲ ಪುಟಗಳ ಯಾದಿಯೊಂದು ಇರುತ್ತದಂತೆ, ಅದರಲ್ಲಿ ಕಟ್ಟುವ ಕಾಲದ ತಾತ್ಕಾಲಿಕ ವಿಳಾಸಗಳೇ ಉಳಿದಿವೆ. ನಕಾಶೆಯ ಮೇಲೆ ಬೆರಳಿಟ್ಟರೆ ಮಾತ್ರ ಬಾವಿಯ ಪುಟ ತೆರೆಯುತ್ತದೆ, "ಗಣತಿ ಮಾಸ್ತರಗ ಬೆರಳಿಲ್ಲ ನೋಡ್ರಿ, ಅವಂಗ ನಡಿಯಾಕ ದಾರಿ ಬೇಕು." ಇವುಗಳಲ್ಲಿ ಕೆಲವು ನನ್ನ ಒತ್ತಾಯದಿಂದಲೇ ಆದವು. ನಕಾಶೆ ಬೇಕೆಂದು ಹಟ ಹಿಡಿದವನು ನಾನು.

ಮೂವತ್ತೊಂದನೆಯ ಪುಟ ಬಂತು. ಸೈಟಿನ ಪ್ರತಿ ಪುಟದ ತಲೆಯಲ್ಲಿ, ಓದುಗರಿಗೆ ಕಾಣದ ಜಾಗದಲ್ಲಿ, ಒಂದು ಸಾಲಿದೆ: ಈ ಪುಟವನ್ನು ಹುಡುಕುವ ಯಾದಿಗೆ ಸೇರಿಸಬೇಡಿ. ಗಣತಿಯವನು ಎರಡು ವರ್ಷದಿಂದ ಬರುತ್ತಲೇ ಇದ್ದ. ಓದಿಕೊಂಡು ಹಿಂದಿರುಗುತ್ತಿದ್ದ.

"ಬರೀರಿ" ಎಂದೆ. "ಇದನ್ನ ಹಾಕಿದಾಂವ ಯಾರು ಅಂತ ಅದ ಪುಟದಾಗ ಬರೀರಿ. ಬೇಕಂತ ಮಾಡ್ಯಾನ. ನನ್ನ ಹೆಸರು ಬಿಟ್ಟಾಂವಗ ಗೌಂಡಿ ಹೆಸರು ಮುಚ್ಚೂದು ಎಷ್ಟರ ಮಾತು?"

"ಆ ಖಾನೆ ನನ್ನ ವಹಿಯಾಗ ಇಲ್ರಿ ಸರ್ರ."

"ಇಲ್ಲಂದ್ರ ಹಾಕ್ರಿ."

ಆಗ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ತಮ್ಮ ತಾಯಿಯ ಮಾತು ಎತ್ತಿದರು. ತಾಯಿ ನಿಪ್ಪಾಣಿಯಲ್ಲಿ ಬೀಡಿ ಸುತ್ತುತ್ತಿದ್ದರು. ಸಂಜೆ ಕಟ್ಟುಗಳನ್ನು ಒಪ್ಪಿಸಲು ಹೋದಾಗ ಆರಿಸುವವನು ಒಂದೊಂದೇ ಬೀಡಿ ಎತ್ತಿ ನೋಡಿ, ಬೇಡವಾದುದನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಯಾಕೆ ಎಂದು ಹೇಳುತ್ತಿರಲಿಲ್ಲ. "ಅವ್ವ ಮನಿಗೆ ಬಂದು ಆ ಬೀಡಿ ದೀಪಕ್ಕ ಹಿಡದು ನೋಡೂದ್ರಿ. ಏನ ತಪ್ಪೈತಿ ಅಂತ ಗೊತ್ತಾಗದ ಮರುದಿನ ಹಂಗ ಸುತ್ತಾಕಿ. ಹೆಸರು ಹಿಡದು ಬೈಯಾಂವ, ತಪ್ಪು ಮಾತ್ರ ಹೇಳತಿರಲಿಲ್ಲ. ಅದಕ್ಕ ನಾ ತಪ್ಪು ಹೇಳ್ತೇನಿ, ಹೆಸರು ಹೇಳಂಗಿಲ್ಲ." ಕನ್ನಡಕ ಮತ್ತೆ ಮೂಗಿಗೇರಿತು. "ಆದ್ರೂ ಈ ಸಾಲು ಸುಮ್ಮನ ಬರೂದಲ್ಲ. ಯಾರೋ ಕೇಳಿರ್ತಾರ. ಸುರುವಿನಿಂದ ಕಾಗದಪತ್ರ ಏನರ ಇದ್ರ ಕೊಡ್ರಿ."

ಕಾಗದಪತ್ರದ ವಿಷಯದಲ್ಲಿ ನನ್ನನ್ನು ಯಾರೂ ಸೋಲಿಸಲಾರರು. ಯಾರೊಡನೆ ವ್ಯವಹರಿಸಿದರೂ ಎಲ್ಲವೂ ಲಿಖಿತದಲ್ಲೇ ನಡೆಯಬೇಕೆಂಬುದು ನನ್ನ ನಿಯಮ. ಬರೆದ ಪ್ರತಿ ಪತ್ರದ ನಕಲು, ಬಂದ ಪ್ರತಿ ಪತ್ರ, ದಿನಾಂಕದ ಪ್ರಕಾರ ಹೊಲಿದ ಕಡತವದು. ರಾಯಬಾಗದವನ ಅಪರಾಧ ಅದರಿಂದಲೇ ಸಾಬೀತಾಗುವುದೆಂಬ ಭರವಸೆಯಿಂದ ಮರುದಿನವೇ ತಂದು ಒಪ್ಪಿಸಿದೆ.

ನಾಲ್ಕು ದಿನದ ಮೇಲೆ ಕಡತವನ್ನು ಹಿಂದಿರುಗಿಸಿದರು. ಏನು ಸಿಕ್ಕಿತೆಂದು ಕೇಳಿದೆ. "ಮನಿಗೆ ಹೋಗಿ ನೋಡ್ರಿ ಸರ್ರ. ಬಸ್ಸಿನಾಗ ಬ್ಯಾಡ್ರಿ" ಎಂದರು. ಕಡತದ ಅಂಚಿನಲ್ಲಿ ಎರಡು ಬಿಳಿಯ ಚೀಟಿಗಳು ಇಣುಕುತ್ತಿದ್ದವು. ಎರಡರ ಮೇಲೂ ಏನೂ ಬರೆದಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದುಕೊಂಡು ಮೊದಲ ಚೀಟಿಯ ಪುಟ ತೆರೆದೆ. ಅಕ್ಷರ ನನ್ನದೇ. ಸೈಟು ಕಟ್ಟಲು ಆರಂಭಿಸಿದ ವಾರ ರಾಯಬಾಗಕ್ಕೆ ನಾನು ಬರೆದ ಪತ್ರದ ನಕಲು. ನಮ್ಮ ಕಡೆ ಮನೆ ಕಟ್ಟುವಾಗ ಕೆಟ್ಟ ಕಣ್ಣಿನ ನೆದರು ತಾಗದಿರಲೆಂದು ಮುಂಭಾಗಕ್ಕೆ ಒಂದು ಕರಿಗೊಂಬೆ ಕಟ್ಟುತ್ತೇವೆ. ಅದನ್ನು ಕೆಲಸದವರು ಮುಟ್ಟುವಂತಿಲ್ಲ, ಮನೆಯ ಯಜಮಾನನೇ ಪ್ರವೇಶದ ದಿನ ಕೈಯಾರೆ ಇಳಿಸಬೇಕು. ನನ್ನ ಮನೆಗೂ ಹಾಗೆಯೇ ಮಾಡಿದ್ದೆ. ಒಂಬತ್ತು ವರ್ಷದ ದುಡಿಮೆಗೆ ನೆದರು ಬೀಳಬಾರದೆಂದು ಸೈಟಿಗೂ ಅದನ್ನೇ ಬಯಸಿದ್ದೆ. ಪತ್ರದ ಮಾತುಗಳು ಹೀಗಿದ್ದವು: 'ಪರದೆ ಸರಿಯುವ ಮುನ್ನ ಯಾರ ನೆದರೂ ಬೀಳದಂತೆ, ಹುಡುಕಿದರೂ ಯಾರಿಗೂ ಸಿಗದಂತೆ ಬಂದೋಬಸ್ತು ಮಾಡತಕ್ಕದ್ದು. ನನ್ನ ಲಿಖಿತ ಅಪ್ಪಣೆಯಿಲ್ಲದೆ ಸದರಿ ಬಂದೋಬಸ್ತನ್ನು ತೆಗೆಯಕೂಡದು.' ತೆಗೆಯಕೂಡದು ಎಂಬುದರ ಕೆಳಗೆ ಎರಡು ಗೆರೆ.

ಎರಡನೆಯ ಚೀಟಿ ಇದ್ದದ್ದು ಒಂದು ಲಕೋಟೆಯ ಬಳಿ. ಉದ್ಘಾಟನೆಯಾದ ಮೂರನೆಯ ದಿನ ರಾಯಬಾಗದಿಂದ ಬಂದದ್ದು. ಅದರ ಮೇಲೆ ನಾನು ಕೆಂಪು ಮಸಿಯಲ್ಲಿ 'ಉತ್ತರ ಅನಗತ್ಯ' ಎಂದು ಬರೆದು, ಒಡೆಯದೆಯೇ ಕಡತಕ್ಕೆ ಹೊಲಿದಿದ್ದೆ. ಆಕೆಯೂ ಒಡೆದಿರಲಿಲ್ಲ. ಅಂಟು ಹಾಗೆಯೇ ಇತ್ತು. ಅಂಚನ್ನು ಕತ್ತರಿಸಿ ತೆಗೆದೆ. ಒಳಗೆ ಎರಡೇ ಸಾಲು: 'ಮಾನ್ಯರೇ, ಉದ್ಘಾಟನೆಯಾಯಿತು. ತಾವು ಹೇಳಿದ್ದ ಬಂದೋಬಸ್ತನ್ನು ಇನ್ನು ತೆಗೆಯಲೇ? ತಮ್ಮ ಲಿಖಿತ ಅಪ್ಪಣೆಗಾಗಿ ಕಾದಿರುವೆ.'

ಆಗ ನನಗೆ ಮೊದಲು ಬಂದದ್ದು ನಾಚಿಕೆ. ಅದರ ಹಿಂದೆಯೇ ಬಂದದ್ದನ್ನು ಏನೆಂದು ಕರೆಯಲಿ? ಎರಡು ವರ್ಷದಿಂದ ಯಾರೋ ನನ್ನನ್ನೂ ಆ ಮುದುಕರನ್ನೂ ಬೇಕೆಂದೇ ಅಳಿಸಿ ಹಾಕುತ್ತಿದ್ದಾರೆಂದು ನಂಬಿ ನಿದ್ದೆಗೆಟ್ಟಿದ್ದೆ. ಹಾಗೆ ಯಾರೂ ಇರಲಿಲ್ಲ. ಗೊಂಬೆ ಕಟ್ಟಿದ ಯಜಮಾನ ಅದನ್ನು ಇಳಿಸಲು ಮರೆತಿದ್ದ, ಅಷ್ಟೇ. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿಟ್ಟಂತಿತ್ತು.

ಮರುದಿನ ಅಪ್ಪಣೆಯನ್ನು ಕೈಯಲ್ಲಿ ಬರೆದುಕೊಂಡು ನಾನೇ ರಾಯಬಾಗಕ್ಕೆ ಹೋದೆ. ಕೆಳಗೊಂದು ಸಾಲು ಸೇರಿಸಿದ್ದೆ: 'ಉತ್ತರ ತಡವಾದುದಕ್ಕೆ ವಿಷಾದಿಸುತ್ತೇನೆ.' ಆ ಗೃಹಸ್ಥ ಕುರ್ಚಿ ತಂದು ಹಾಕಿ, ಪತ್ರವನ್ನು ಎರಡು ಬಾರಿ ಓದಿ ಮಡಿಚಿಟ್ಟ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ವಂದನಾರ್ಪಣೆಯಲ್ಲಿ ನನ್ನ ಹೆಸರನ್ನೇಕೆ ಬಿಟ್ಟೆ ಎಂದು.

ಅವನು ನಿಜಕ್ಕೂ ಬೆರಗಾದ. "ಸರ, ಮನಿ ಯಜಮಾನರಿಗೆ ಯಾರರ ವಂದನಿ ಹೇಳ್ತಾರೇನ್ರಿ? ಬಂದವರಿಗೆ ಹೇಳೂದು. ಆ ಕಾರ್ಯಕ್ರಮ ನಿಮ್ಮದ ಅಲ್ಲೇನ್ರಿ?"

ಉದ್ಘಾಟನೆಯ ದಿನದ ನಮೂದಿಗೆ ನಾನು ಅಡ್ಡಗೆರೆ ಎಳೆದೆ. ನನ್ನ ವಹಿಯಲ್ಲಿ ಹೊಡೆದು ಹಾಕಿದ ಮೊದಲ ನಮೂದು ಅದು. ಸೈಟಿನ ಆ ಸಾಲನ್ನು ತೆಗೆಯಲು ಅವನಿಗೆ ಹಿಡಿದದ್ದು ಒಂದು ನಿಮಿಷ. ಉಳಿದ ಮೂವತ್ತು ಪುಟಗಳಿಗೆ ಹಿಡಿದದ್ದು ಒಂದು ವಾರ.

ಮತ್ತೆ ಬಂದು ನೋಡಿ ಎಂದು ಹುಡುಕುವ ಯಂತ್ರಕ್ಕೆ ಅರ್ಜಿ ಹಾಕಿದ ಆಕೆ ನನಗೊಂದು ಕಟ್ಟಪ್ಪಣೆ ಮಾಡಿದರು. "ದಿನಾ ಹುಡುಕಿ ನೋಡಬ್ಯಾಡ್ರಿ. ಬಿತ್ತಿದ ಬೀಜ ದಿನಾ ಕೆದರಿ ನೋಡಿದ್ರ ನಾಟತೈತೇನ್ರಿ?" ನಾನು ದಿನಾ ನೋಡಿದೆ. ಅದೂ ಅವರಿಗೆ ತಿಳಿದಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಅವರದೇ ಫೋನು ಬಂತು. "ಕಬ್ಬೂರಿಗೆ ಹೋಗೂಣ್ರಿ ಸರ್ರ" ಎಂದಷ್ಟೇ ಹೇಳಿದರು.

ದಾರಿಯಲ್ಲಿ ಒಂದು ಬಾವಿ ತೋರಿಸಬೇಕೆಂದರು. ಅಷ್ಟೂ ಬಾವಿಗಳ ಪುಟಗಳನ್ನು ಸಾಲು ಸಾಲಾಗಿ ಓದಿದವರು ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಕಟ್ಟೆಗೆ ಕೈಯೂರಿ ಬಗ್ಗಿ ನೋಡಿ, "ಕಲ್ಲಿಗೆ ಕಲ್ಲು ಎಷ್ಟ ಸರೀ ಕೂಡ್ಸ್ಯಾರ್ರಿ, ನಡುವ ಕಾಗದ ಹೋಗಂಗಿಲ್ಲ" ಎಂದರು. ಅವರ ಬಾಯಿಂದ ಹೊಗಳಿಕೆ ಕೇಳಿದ್ದು ಅದೊಂದೇ ಸಲ.

ಗೌಂಡಿಯವರು ಜಗಲಿಯಲ್ಲಿ ದಿಂಬಿಗೆ ಒರಗಿದ್ದರು. ಸೊಸೆ ಅದೇ ಫೋನಿನಲ್ಲಿ ಅದೇ ಹೆಸರು ಬರೆದರು. ಬಾವಿಗಳ ಪುಟ ಮೊದಲನೆಯದಾಗಿಯೇ ಬಂತು. ಅವರು ಒಂದೊಂದೇ ಬಾವಿಯ ಹೆಸರನ್ನು ಗಟ್ಟಿಯಾಗಿ ಓದುತ್ತ ಹೋದಂತೆ ಅಜ್ಜನ ಬಲಗೈ ಬೆರಳುಗಳು ಹಾಸಿಗೆಯ ಮೇಲೆ ಮೆಲ್ಲಗೆ ಆಡುತ್ತಿದ್ದವು, ಕಲ್ಲಿನ ಅಂಚು ಸವರಿ ನೋಡುವವರ ಹಾಗೆ. ಶೇಡಬಾಳದ ಬಾವಿ ಬಂದಾಗ ಕೈ ಎತ್ತಿ ತಡೆದರು.

"ಅದ ನಂದಲ್ಲ. ಅದ ನಮ್ಮಪ್ಪ ಕಟ್ಟಿದ್ದು. ನಾ ಕಲ್ಲ ಹೊತ್ತಿದ್ದೆ ಅಷ್ಟ. ಅಪ್ಪನ ಹೆಸರ ಹಾಕ್ರಿ ಮಾಸ್ತರ."

ಆಕೆ ಚೀಲದಿಂದ ವಹಿ ತೆಗೆದು ಮೂವತ್ತೆರಡನೆಯ ಪುಟದಲ್ಲಿ ಅದನ್ನು ಬರೆದುಕೊಂಡರು. ಅದನ್ನು ನೋಡಿದ ಅಜ್ಜ ಕೇಳಿದರು, "ಈ ಬಾಯಾರ ಹೆಸರ ಎಲ್ಲೈತ್ರಿ ಇದರಾಗ?"

ಎಲ್ಲಿಯೂ ಇರಲಿಲ್ಲ.

"ನಂದ ಯಾಕ ಬೇಕ ಅಜ್ಜಾರ" ಎಂದು ಆಕೆ ನಕ್ಕರು. "ನಾ ನೋಡಿ ಹೇಳಿದಾಕಿ, ಕಟ್ಟಿದಾಕಿ ಅಲ್ಲ."

ಹಾಗೆ ಬಿಡುವುದು ನನ್ನಿಂದಾಗಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ವಾದಿಸಿದೆ, ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕಿಯೇ ತೀರುವೆನೆಂದೆ. ಅವರು ವಹಿಯಿಂದ ಒಂದು ಚೂರು ಹರಿದು, ಮೊಣಕಾಲ ಮೇಲಿಟ್ಟು ಬರೆದು ನನ್ನ ಕೈಗಿತ್ತರು: 'ನನ್ನ ಲಿಖಿತ ಅಪ್ಪಣೆಯಿಲ್ಲದೆ ನನ್ನ ಹೆಸರನ್ನು ಎಲ್ಲಿಯೂ ಹಾಕಕೂಡದು.' ಹಾಕಕೂಡದು ಎಂಬುದರ ಕೆಳಗೆ ಎರಡು ಗೆರೆ. ನನ್ನ ಪತ್ರದ ಬಗ್ಗೆ ಅವರು ಆಡಿದ ಮಾತು ಒಟ್ಟು ಇಷ್ಟೇ.

ಗೌಂಡಿ ಅಜ್ಜ ಈಗಲೂ ಇದ್ದಾರೆ. ಮನೆಗೆ ಬಂದವರ ಕೈಗೆ ಫೋನು ಕೊಡಿಸಿ ತಮ್ಮ ಹೆಸರನ್ನೂ ತಂದೆಯ ಹೆಸರನ್ನೂ ಹುಡುಕಿಸುತ್ತಾರೆಂದು ಸೊಸೆ ಹೇಳಿದರು. ನಾನು ಆ ಚೀಟಿಯ ಆಜ್ಞೆಯನ್ನು ಮೀರಿಲ್ಲ, ಈ ಬರಹದಲ್ಲಿಯೂ ಮೀರಿಲ್ಲ. ಹೋದ ವಾರ ಅಕ್ಕೋಳದ ವಿಳಾಸಕ್ಕೆ, ಅವರ ಕಣ್ಣಿಗೆ ಆಯಾಸವಾಗದಂತೆ ದಪ್ಪ ಅಕ್ಷರಗಳಲ್ಲಿ, ಹೆಸರು ಹಾಕಲು ಅಪ್ಪಣೆ ಕೋರಿ ಪತ್ರ ಬರೆದಿದ್ದೇನೆ. ಟಪಾಲಿನವರು ದಿನಾ ಹನ್ನೊಂದಕ್ಕೆ ನಮ್ಮ ಓಣಿಗೆ ಬರುತ್ತಾರೆ. ಉತ್ತರ ಏನೇ ಬರಲಿ, ಲಕೋಟೆಯನ್ನು ಒಡೆದು ಓದಿದ ಮೇಲೆಯೇ ಕಡತಕ್ಕೆ ಹೊಲಿಯುತ್ತೇನೆ.